ಅಮೃತಮತಿಯ ಆಯ್ಕೆಯೂ ವಿಕಾಸವಾದಿ ಮನಶ್ಶಾಸ್ತ್ರವೂ

ಹಳಗನ್ನಡ ಕಾವ್ಯವನ್ನು ತರಗತಿಯಲ್ಲಿ ಪಾಠ ಹೇಳುವ ಉಪಾಧ್ಯಾಯರ ಮುಂದೆ ಜನ್ನನ ಯಶೋಧರ ಚರಿತೆ ಒಂದು ಕಠಿನವಾದ ಪ್ರಶ್ನೆಯನ್ನು ಇಡುತ್ತದೆ. 1209ರಲ್ಲಿ ರಚಿತವಾದ, ಮುನ್ನೂರಕ್ಕೆ ಸ್ವಲ್ಪ ಮೀರಿದ ಪದ್ಯಗಳ ಈ ಪುಟ್ಟ ಕಾವ್ಯದಲ್ಲಿ ಉಜ್ಜಯಿನಿಯ ಅರಸ ಯಶೋಧರನ ಮಡದಿ ಅಮೃತಮತಿ ಒಂದಿರುಳು ಆನೆಯ ಸಾಲೆಯ ಕಡೆಯಿಂದ ತೇಲಿಬಂದ ಹಾಡನ್ನು ಕೇಳಿ, ಹಾಡಿದವನಿಗೆ ಮನಸ್ಸನ್ನು ಕೊಟ್ಟುಬಿಡುತ್ತಾಳೆ. ಹಾಡಿದವನು ಅಷ್ಟಾವಂಕನೆಂಬ ಮಾವಟಿಗ. ಹೆಸರೇ ಹೇಳುವಂತೆ ಮೈಯೆಲ್ಲ ವಕ್ರ. ಅರಸನಾದರೋ ರೂಪವಂತ, ಸಿರಿವಂತ, ಹೆಂಡತಿಯಲ್ಲಿ ಅನುರಕ್ತ. ಇಂಥವನನ್ನು ಬಿಟ್ಟು ಅಂಥವನನ್ನು ಆಕೆ ಏಕೆ ಒಲಿದಳು?

ಈ ಪ್ರಶ್ನೆಗೆ ಹಿಂದಿನ ಕಾಲದ ಉತ್ತರಗಳು ಎರಡು. ಸ್ತ್ರೀಯರ ಚಿತ್ತ ಚಂಚಲವೆಂದು ಹೇಳಿ ಪುಸ್ತಕವನ್ನು ಮುಚ್ಚುವುದು ಒಂದು. ಕಾಮನ ಮಾಯೆ, ವಿಧಿಯ ಆಟ ಎಂದು ಎರಡು ಹೆಗಲುಗಳ ಮೇಲೆ ಹೊರೆಯನ್ನು ಹಂಚಿಬಿಡುವುದು ಇನ್ನೊಂದು. ಇದು ಜನ್ನನದೇ ಉತ್ತರ. ಈಚಿನ ವರ್ಷಗಳಲ್ಲಿ ಮೂರನೆಯದೊಂದು ಉತ್ತರ ಬಂದಿದೆ. ವಿಕಾಸವಾದಿ ಮನಶ್ಶಾಸ್ತ್ರವೆಂಬ ಶಾಸ್ತ್ರವು, ಗಂಡು ಹೆಣ್ಣು ಒಬ್ಬರನ್ನೊಬ್ಬರು ಆರಿಸಿಕೊಳ್ಳುವ ಬಗೆಯನ್ನು ಲಕ್ಷಾಂತರ ವರ್ಷಗಳ ಜೀವವಿಕಾಸದಿಂದ ವಿವರಿಸುತ್ತೇನೆಂದು ಮುಂದೆ ಬಂದಿದೆ. ಇದರ ಅರೆಬೆಂದ ಸಾರ ಈಗ ಕೈಫೋನುಗಳ ಚುಟುಕು ಚಲನಚಿತ್ರಗಳ ಮೂಲಕ ನಮ್ಮ ಒಂಬತ್ತು, ಹತ್ತನೆಯ ತರಗತಿಗಳ ಹುಡುಗರನ್ನೂ ಮುಟ್ಟಿದೆ. ಹೆಣ್ಣಿಗೆ ಬೇಕಾದುದು ಹಣ, ಗಂಡಿಗೆ ಬೇಕಾದುದು ರೂಪ, ಇದು ವಿಜ್ಞಾನ ಸಿದ್ಧ ಎಂದು ಅವರು ನಂಬತೊಡಗಿದ್ದಾರೆ. ಅಂಥ ಹುಡುಗರ ಮುಂದೆ, ಅದೇ ಬೆಂಚುಗಳ ಸಾಲಿನಲ್ಲಿ ಕುಳಿತ ಹುಡುಗಿಯರ ಮುಂದೆ, ಅಮೃತಮತಿಯ ಕಥೆಯನ್ನು ಹೇಳಬೇಕಾದವರು ನಾವು. ಆದುದರಿಂದ ಈ ಶಾಸ್ತ್ರ ನಿಜವಾಗಿ ಏನು ಹೇಳುತ್ತದೆ, ಕಾವ್ಯದ ಮುಂದೆ ಅದು ಎಲ್ಲಿಯವರೆಗೆ ನಿಲ್ಲುತ್ತದೆ ಎಂಬುದನ್ನು ಪರೀಕ್ಷಿಸುವುದು ನಮ್ಮ ಕರ್ತವ್ಯವೇ ಆಗಿದೆ.

ಮೊದಲು ಶಾಸ್ತ್ರದ ಮಾತು. ನವಿಲುಗರಿಯನ್ನು ನೋಡಿದಾಗಲೆಲ್ಲ ತನಗೆ ಸಂಕಟವಾಗುತ್ತದೆಂದು ಚಾರ್ಲ್ಸ್ ಡಾರ್ವಿನ್ 1860ರಲ್ಲಿ ತನ್ನ ಮಿತ್ರ ಏಸಾ ಗ್ರೇಗೆ ಬರೆದಿದ್ದನು. ಬದುಕುಳಿಯುವುದಕ್ಕೆ ಅನುಕೂಲವಾದ ಗುಣಗಳು ಮಾತ್ರ ಉಳಿಯುತ್ತವೆಂದಾದರೆ, ಹಾರಾಟಕ್ಕೆ ಭಾರವಾದ ಈ ಬಾಲ ಹೇಗೆ ಬಂದಿತು? 1871ರಲ್ಲಿ ಪ್ರಕಟವಾದ, ಮಾನವನ ಅವತರಣವನ್ನು ಕುರಿತ ಗ್ರಂಥದಲ್ಲಿ ಅವನು ಉತ್ತರ ಕೊಟ್ಟನು: ಹೆಣ್ಣು ನವಿಲುಗಳು ತಲೆತಲಾಂತರದಿಂದ ಚೆಲುವಾದ ಗರಿಯ ಗಂಡನ್ನೇ ಆರಿಸುತ್ತ ಬಂದುದರಿಂದ ಗರಿ ಬೆಳೆಯಿತು. ಹೆಣ್ಣಿಗೆ ಇಷ್ಟು ವಿವೇಚನೆಯಿದೆ ಎಂಬ ಮಾತು ಆ ಕಾಲದ ವಿದ್ವಾಂಸರಿಗೆ ರುಚಿಸಲಿಲ್ಲ. ನಿಸರ್ಗದ ಆಯ್ಕೆಯ ತತ್ತ್ವವನ್ನು ಡಾರ್ವಿನ್ನನ ಜೊತೆಯಲ್ಲಿಯೇ ಕಂಡುಕೊಂಡ ವಾಲೆಸ್ ಮಹಾಶಯನು ಕೂಡ ಇದನ್ನು ಒಪ್ಪಲಿಲ್ಲ. 1930ರಲ್ಲಿ ರೊನಾಲ್ಡ್ ಫಿಶರ್ ಗಣಿತದ ಹಾದಿಯಿಂದ ಇದಕ್ಕೆ ಮರುಜೀವ ಕೊಟ್ಟನು. 1972ರಲ್ಲಿ ರಾಬರ್ಟ್ ಟ್ರಿವರ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸಂತಾನಕ್ಕಾಗಿ ಯಾರು ಹೆಚ್ಚು ವೆಚ್ಚ ಮಾಡುತ್ತಾರೆಯೋ ಅವರು ಆರಿಸುವುದರಲ್ಲಿ ಹೆಚ್ಚು ಎಚ್ಚರವಹಿಸುತ್ತಾರೆಂದು ತರ್ಕಿಸಿದನು. ಒಂಬತ್ತು ತಿಂಗಳು ಹೊತ್ತು, ಹೆತ್ತು, ಹಾಲೂಡುವವಳು ಸಂಗಾತಿಯನ್ನು ಅಳೆದು ನೋಡದೆ ಇರಲಾರಳು ಎಂಬುದು ಅದರ ತಾತ್ಪರ್ಯ. ಇದಿಷ್ಟೂ ನಮ್ಮ ಮನೆಯ ಅಜ್ಜಿಯರಿಗೂ ಒಪ್ಪಿಗೆಯಾಗುವ ಮಾತೇ.

ಮಾನವನಿಗೆ ಈ ತತ್ತ್ವವನ್ನು ಅನ್ವಯಿಸಿದವರಲ್ಲಿ ಅಮೆರಿಕದ ಡೇವಿಡ್ ಬಸ್ ಮುಖ್ಯನು. 33 ದೇಶಗಳ 37 ಸಂಸ್ಕೃತಿಗಳಿಗೆ ಸೇರಿದ 10,047 ಜನರನ್ನು ಪ್ರಶ್ನಿಸಿ ಅವನು 1989ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ಭಾರತವೂ ಅದರಲ್ಲಿ ಸೇರಿತ್ತು. ಸಂಗಾತಿಯ ಸಂಪಾದನೆಯ ಶಕ್ತಿಗೆ ಹೆಂಗಸರು ಗಂಡಸರಿಗಿಂತ ಹೆಚ್ಚು ಬೆಲೆ ಕೊಟ್ಟರು. ಗಂಡಸರು ತಮಗಿಂತ ಕಿರಿಯರನ್ನೂ ರೂಪವತಿಯರನ್ನೂ ಬಯಸಿದರು. ಚುಟುಕು ಚಿತ್ರಗಳವರು ಇಲ್ಲಿಗೇ ನಿಲ್ಲುತ್ತಾರೆ. ಅದೇ ಸಮೀಕ್ಷೆಯಲ್ಲಿ ಗಂಡಸರೂ ಹೆಂಗಸರೂ ಇಬ್ಬರೂ ಎಲ್ಲಕ್ಕಿಂತ ಮೇಲೆ ಇಟ್ಟ ಗುಣಗಳ ಸಾಲಿನಲ್ಲಿ ದಯೆ ಮತ್ತು ಬುದ್ಧಿ ಇದ್ದವೆಂಬುದನ್ನು ಅವರು ಹೇಳುವುದಿಲ್ಲ. ವಿವಾಹಪೂರ್ವದ ಶೀಲಕ್ಕೆ ಕೊಡುವ ಬೆಲೆ ದೇಶದಿಂದ ದೇಶಕ್ಕೆ ಬಹಳ ಬೇರೆಯಾಗಿತ್ತು, ಚೀನ, ಇರಾನ್, ಭಾರತಗಳಲ್ಲಿ ಅದು ಬಹಳ ಎತ್ತರದಲ್ಲಿತ್ತು, ಎಂಬುದನ್ನೂ ಹೇಳುವುದಿಲ್ಲ.

ಬಸ್ಸನ ಅಂಕಿಗಳನ್ನೇ ಮತ್ತೆ ಕೈಗೆತ್ತಿಕೊಂಡು ಆಲಿಸ್ ಈಗ್ಲಿ ಮತ್ತು ವೆಂಡಿ ವುಡ್ ಎಂಬ ವಿದುಷಿಯರು 1999ರಲ್ಲಿ ಬೇರೆ ಅರ್ಥವನ್ನು ತೆಗೆದರು. ಸ್ತ್ರೀಪುರುಷರ ಸ್ಥಾನಮಾನ ಹೆಚ್ಚು ಸಮವಾಗಿರುವ ದೇಶಗಳಲ್ಲಿ ಈ ಭೇದಗಳು ತಗ್ಗುತ್ತವೆಂದು ಅವರು ತೋರಿಸಿದರು. ಸ್ವಂತ ಸಂಪಾದನೆಗೆ ದಾರಿಯಿಲ್ಲದವಳು ಸಂಪಾದಿಸುವವನನ್ನು ಹುಡುಕುವುದಕ್ಕೆ ಜೀವವಿಕಾಸ ಬೇಕಿಲ್ಲ, ಮನೆಯ ಲೆಕ್ಕವೇ ಸಾಕು ಎಂಬುದು ಅವರ ವಾದದ ಸಾರ. ಆದರೆ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. 2020ರಲ್ಲಿ 45 ದೇಶಗಳ 14,399 ಜನರನ್ನು ಕುರಿತ ಹೊಸ ಅಧ್ಯಯನ ಹೊರಬಂದಿತು. ಗಂಡು ಹೆಣ್ಣುಗಳ ಭೇದ ಎಲ್ಲೆಡೆಯೂ ಇದೆಯೆಂದು ಅದು ಮತ್ತೆ ಕಂಡಿತು. ಸಮಾನತೆಗೂ ಆ ಭೇದಗಳಿಗೂ ಇರುವ ಸಂಬಂಧ ವಯಸ್ಸಿನ ವಿಷಯವೊಂದನ್ನು ಬಿಟ್ಟರೆ ಅಷ್ಟಾಗಿ ಕಾಣಲಿಲ್ಲ. ವಾದ ಇನ್ನೂ ಮುಗಿದಿಲ್ಲ. ವಿಕಾಸವಾದಿಗಳನ್ನು ಹುಚ್ಚರೆಂದು ತಳ್ಳಿಹಾಕುವ ಸಾಹಿತಿಗಳೂ, ಸಾಹಿತ್ಯವನ್ನು ಅಜ್ಜಿಕಥೆಯೆನ್ನುವ ವಿಜ್ಞಾನಿಗಳೂ ಇಲ್ಲಿ ಅವಸರಪಡುತ್ತಿದ್ದಾರೆಂದೇ ನಮ್ಮ ಎಣಿಕೆ.

ಇನ್ನು ಕಾವ್ಯಕ್ಕೆ ಬರೋಣ. ಆಶ್ಚರ್ಯದ ಸಂಗತಿಯೆಂದರೆ, ಅಮೃತಮತಿಯ ಕಥೆಯ ಮೊದಲರ್ಧವನ್ನು ಈ ಶಾಸ್ತ್ರ ಚೆನ್ನಾಗಿ ವಿವರಿಸುತ್ತದೆ. ಆಕೆಗೆ ಮೊದಲು ಮುಟ್ಟುವುದು ಹಾಡು. ರೂಪವೂ ಇಲ್ಲ, ಕುಲವೂ ಇಲ್ಲ, ಐಶ್ವರ್ಯವೂ ಇಲ್ಲ. ಮಾನವನ ಸಂಗೀತ ಹುಟ್ಟಿದ್ದೇ ಸಂಗಾತಿಯನ್ನು ಒಲಿಸಿಕೊಳ್ಳುವುದಕ್ಕಾಗಿ, ಮಾತು ಬರುವುದಕ್ಕೆ ಮುಂಚೆ ನಮ್ಮ ಪೂರ್ವಜರು ಸ್ವರದಿಂದಲೇ ಒಬ್ಬರನ್ನೊಬ್ಬರು ಕರೆಯುತ್ತಿದ್ದರು, ಎಂದು ಡಾರ್ವಿನ್ 1871ರಲ್ಲಿಯೇ ಊಹಿಸಿದ್ದನು. ಜೆಫ್ರಿ ಮಿಲ್ಲರ್ 2000ದಲ್ಲಿ ಆ ಊಹೆಯನ್ನು ವಿಸ್ತರಿಸಿ, ಕಲೆ, ಕಾವ್ಯ, ಹಾಸ್ಯಗಳೆಲ್ಲ ನವಿಲುಗರಿಯ ಜಾತಿಗೇ ಸೇರಿದವೆಂದು ದೊಡ್ಡ ಗ್ರಂಥವನ್ನು ಬರೆದನು. ಪಕ್ಷಿಲೋಕದಲ್ಲಂತೂ ಇದಕ್ಕೆ ಪುರಾವೆ ಹೇರಳ. ಸ್ವೀಡನ್ನಿನ ಕೆರೆಯೊಂದರ ಜೊಂಡಿನಲ್ಲಿ ಗೂಡು ಕಟ್ಟುವ ಒಂದು ಹಾಡುಹಕ್ಕಿಯನ್ನು ಡೆನಿಸ್ ಹಾಸೆಲ್‌ಕ್ವಿಸ್ಟ್ ಮತ್ತು ಸಂಗಡಿಗರು ಹಲವು ವರ್ಷ ಅಭ್ಯಾಸ ಮಾಡಿ 1996ರಲ್ಲಿ ಬರೆದ ವರದಿಯನ್ನು ಓದಿದರೆ ಯಶೋಧರ ಚರಿತೆಯ ನೆನಪಾಗದೆ ಇರದು. ಕೆಲವು ಹೆಣ್ಣುಗಳು ತಮ್ಮ ಗೂಡಿನ ಗಂಡನ್ನು ಬಿಟ್ಟು ನೆರೆಯ ಗಂಡಿನಿಂದ ಮರಿಗಳನ್ನು ಪಡೆದಿದ್ದವು. ಹಾಗೆ ಪಡೆದಾಗಲೆಲ್ಲ, ನೆರೆಯವನ ಹಾಡಿನ ಬಗೆಗಳು ಮನೆಯವನ ಹಾಡಿಗಿಂತ ಹೆಚ್ಚಾಗಿದ್ದವು. ಹೆಚ್ಚು ಹಾಡು ಬಲ್ಲ ತಂದೆಯ ಮರಿಗಳು ಹೆಚ್ಚಾಗಿ ಬದುಕಿ ಉಳಿದವು.

ಮನುಷ್ಯರಲ್ಲಿಯೂ ದನಿಗೆ ಬೆಲೆಯಿದೆ. ತಾಂಜಾನಿಯಾದ ಹಾಡ್ಜಾ ಎಂಬ ಬೇಟೆಗಾರ ಜನರಲ್ಲಿ ಗಡಸು ದನಿಯ ಗಂಡಸರಿಗೆ ಹೆಚ್ಚು ಮಕ್ಕಳಿದ್ದುದನ್ನು ಕೊರೆನ್ ಅಪಿಸೆಲ್ಲ ಮತ್ತು ಜೊತೆಗಾರರು 2007ರಲ್ಲಿ ವರದಿ ಮಾಡಿದರು. ನಮ್ಮ ಕಾವ್ಯಮೀಮಾಂಸಕರಿಗೂ ಈ ವಿಷಯ ಹೊಸದಲ್ಲ. ನೋಡಿ ಹುಟ್ಟುವ ಅನುರಾಗ, ಕೇಳಿ ಹುಟ್ಟುವ ಅನುರಾಗ ಎಂದು ಅವರು ಪೂರ್ವರಾಗವನ್ನು ವಿಭಾಗಿಸಿದ್ದರು. ಹಂಸದ ಬಾಯಿಂದ ನಳನ ಗುಣಗಳನ್ನು ಕೇಳಿಯೇ ದಮಯಂತಿ ಒಲಿದಳಲ್ಲವೆ? ಆದರೆ ದಮಯಂತಿ ಕೇಳಿದ್ದು ಸುದ್ದಿ. ಅಮೃತಮತಿ ಕೇಳಿದ್ದು ಸ್ವರ. ಯಕ್ಷಗಾನದ ರಾತ್ರಿಗಳಲ್ಲಿ ಗದ್ದೆಯಾಚೆಯಿಂದ ಭಾಗವತರ ಕಂಠ ಕೇಳಿಸಿದಾಗ ಮನಸ್ಸು ಅವರ ಮುಖವನ್ನು ಕಾಣುವ ಮೊದಲೇ ಅಲ್ಲಿಗೆ ಓಡುವುದನ್ನು ಕಾಸರಗೋಡಿನ ಕಡೆಯ ಯಾವ ಉಪಾಧ್ಯಾಯರಿಗೂ ನಾವು ವಿವರಿಸಬೇಕಾಗಿಲ್ಲ.

ಇಷ್ಟಾದರೂ ಇಲ್ಲಿಯೂ ಒಂದು ಬಿರುಕು ಉಂಟು. ಸಂಗೀತ ಬಲ್ಲವರಿಗೆ ನಿಜವಾಗಿಯೂ ಹೆಚ್ಚು ಸಂಗಾತಿಗಳು ದೊರೆಯುತ್ತಾರೆಯೆ ಎಂಬುದನ್ನು ಸ್ವೀಡನ್ನಿನಲ್ಲಿಯೇ ಹತ್ತು ಸಾವಿರಕ್ಕೂ ಮೀರಿದ ಅವಳಿಗಳ ಮೇಲೆ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದರು. ಡಾರ್ವಿನ್ನನ ಊಹೆಗೆ ಅದರಿಂದ ಹೆಚ್ಚಿನ ಬೆಂಬಲ ದೊರೆಯಲಿಲ್ಲ. ಜೊಂಡುಹಕ್ಕಿಯ ಲೆಕ್ಕವನ್ನು ಮನುಷ್ಯರ ಖಾತೆಗೆ ಹಾಗೆಯೇ ಬರೆದುಕೊಳ್ಳಲು ಬರುವುದಿಲ್ಲ.

ನಿಜವಾದ ತೊಡಕು ಮರುದಿನ ಬರುತ್ತದೆ. ರಾಣಿಯ ಮಾತಿನಂತೆ ದೂತಿ ಹೋಗಿ ಆ ಗಾಯಕನನ್ನು ನೋಡಿಕೊಂಡು ಬರುತ್ತಾಳೆ. ನೋಡಿ, ಹೇಸಿ, ಅವನ ಒಂದೊಂದು ಅಂಗವನ್ನೂ ಹೆಸರಿಸಿ ಹಳಿಯುತ್ತಾಳೆ. ವಿಕಾಸವಾದಿ ಮನಶ್ಶಾಸ್ತ್ರಜ್ಞನೇ ದೂತಿಯ ವೇಷದಲ್ಲಿ ಹೋಗಿಬಂದಂತಿದೆ ಈ ಪ್ರಸಂಗ! ಏಕೆಂದರೆ ಆ ಶಾಸ್ತ್ರದ ಪಟ್ಟಿಯೂ ಇದೇ ಆಗಿದೆ: ಮುಖದ ಎಡಬಲಗಳು ಸಮವಾಗಿವೆಯೆ, ಮೈಕಟ್ಟು ನೆಟ್ಟಗಿದೆಯೆ, ಚರ್ಮ ನಿರ್ಮಲವಾಗಿದೆಯೆ, ಕೈಯಲ್ಲಿ ಸಂಪತ್ತಿದೆಯೆ. ಮೈಯ ಸಮತೆ ಒಳ್ಳೆಯ ಆನುವಂಶಿಕತೆಯ ಗುರುತೆಂದು ರಾಂಡಿ ಥಾರ್ನ್‌ಹಿಲ್, ಸ್ಟೀವನ್ ಗ್ಯಾಂಗ್‌ಸ್ಟಡ್ ಮುಂತಾದವರು 1990ರ ದಶಕದಲ್ಲಿ ಬಲವಾಗಿ ವಾದಿಸಿದ್ದರು. ಪೋಷಣೆಗೆ ಒಬ್ಬ ಗಂಡ, ಉತ್ತಮ ಬೀಜಕ್ಕೆ ಇನ್ನೊಬ್ಬ ಎಂಬ ಎರಡು ದೋಣಿಯ ತಂತ್ರವು ಹೆಣ್ಣಿನ ಸ್ವಭಾವದಲ್ಲಿ ಅಡಗಿದೆಯೆಂದೂ ಅವರ ಪಂಥದವರು ಹೇಳಿದರು. ಅಮೃತಮತಿಯ ಕಥೆಯನ್ನು ಕೇಳಿದ ತಕ್ಷಣ ಈ ತಂತ್ರದ ಹೆಸರನ್ನೆತ್ತುವವರು ಇದ್ದಾರೆ. ಆದರೆ ಲೆಕ್ಕ ಕೂಡಿಬರುವುದಿಲ್ಲ. ಸಮತೆಯೇ ಒಳ್ಳೆಯ ಬೀಜದ ಗುರುತಾದರೆ, ಸಮತೆಯಿರುವುದು ಅರಸನಲ್ಲಿ. ಎಂಟು ವಂಕಗಳಿರುವುದು ಮಾವಟಿಗನಲ್ಲಿ. ಪೋಷಣೆ ಅರಸನದು, ರೂಪ ಅರಸನದು, ಅನುರಾಗವೂ ಅರಸನದು. ಬಸ್ಸನ ಸಮೀಕ್ಷೆಯಲ್ಲಿ ಮೇಲೆ ಕುಳಿತ ದಯೆಯೂ ಅರಸನದೇ. ವಂಶದ ಲೆಕ್ಕಕ್ಕೂ ಇಲ್ಲಿ ಏನೂ ಉಳಿಯುವುದಿಲ್ಲ: ರಾಜ್ಯವನ್ನು ಮುಂದೆ ಆಳುವವನು ಯಶೋಧರನ ಮಗನಾದ ಯಶೋಮತಿ, ಮಾವಟಿಗನಿಂದ ಆಕೆಗೆ ಮಕ್ಕಳಾದ ಸುದ್ದಿ ಕಾವ್ಯದಲ್ಲಿಲ್ಲ.

ತಿಂಗಳ ಕೆಲವು ದಿನಗಳಲ್ಲಿ ಮಾತ್ರ ಹೆಣ್ಣಿನ ಮನಸ್ಸು ಗಡಸು ದನಿ, ಗಡಸು ಮುಖಗಳ ಕಡೆಗೆ ವಾಲುತ್ತದೆಂಬ ವಾದವೂ ಈ ಎರಡು ದೋಣಿಯ ತಂತ್ರಕ್ಕೆ ಒತ್ತುಗಂಬವಾಗಿತ್ತು. 2018ರಲ್ಲಿ ಮುಖಗಳ ಮೇಲೆ ಒಂದು, ದನಿಗಳ ಮೇಲೆ ಒಂದು, ಹೀಗೆ ಎಚ್ಚರದಿಂದ ನಡೆಸಿದ ಅಧ್ಯಯನಗಳಲ್ಲಿ ಅಂಥ ವಾಲಿಕೆ ಕಾಣಿಸಲಿಲ್ಲ. ಒತ್ತುಗಂಬ ಬಿದ್ದಿತು. ಚುಟುಕು ಚಿತ್ರಗಳಿಗೆ ಆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ದೂತಿಗೆ ಅಮೃತಮತಿ ಕೊಡುವ ಉತ್ತರವನ್ನು ನಾವು ಈ ಕಾವ್ಯದ ಹೃದಯವೆಂದು ತಿಳಿಯುತ್ತೇವೆ. ಕಸ್ತೂರಿ ಕರಿಯದೆಂದು, ಶ್ರೀಗಂಧ ಮುರುಟಿದೆಯೆಂದು, ಕಾಮನ ಬಿಲ್ಲು ಬಾಗಿದೆಯೆಂದು ಯಾರಾದರೂ ಅವನ್ನು ದೂರವಿಡುತ್ತಾರೆಯೆ ಎಂದು ಆಕೆ ಕೇಳುತ್ತಾಳೆ. ಒಲವು ಹುಟ್ಟಿದ ಮೇಲೆ ರೂಪದ ಗೊಡವೆ ಯಾಕೆ ಎಂಬುದು ಆಕೆಯ ಮಾತಿನ ಹುರುಳು. ಕಾಮಾಂಧಳ ಕುತರ್ಕವೆಂದು ಇದನ್ನು ಹಲವರು ತಳ್ಳಿದ್ದಾರೆ. ನಾವು ಹಾಗೆ ತಿಳಿಯಲಾರೆವು. ಆಕೆ ಇಲ್ಲಿ ಕುರುಡಳಲ್ಲ. ದೂತಿಯ ವರದಿಯನ್ನು ಸುಳ್ಳೆನ್ನುವುದಿಲ್ಲ. ಅವನು ಸುಂದರನೆಂದು ವಾದಿಸುವುದಿಲ್ಲ. ಗುರುತು ಬೇರೆ, ಗುರುತು ತೋರಿಸುವ ವಸ್ತು ಬೇರೆ, ಎಂದು ಬಿಡಿಸಿ ಹೇಳುತ್ತಿದ್ದಾಳೆ. ಕಸ್ತೂರಿಯಲ್ಲಿ ಬೇಕಾದುದು ಪರಿಮಳ, ಬಣ್ಣವಲ್ಲ. ವಿಕಾಸವಾದಿಗಳು ರೂಪವನ್ನು ಯಾವುದೋ ಒಳಗುಣದ ಗುರುತೆಂದು ಮಾತ್ರ ಬೆಲೆಕಟ್ಟುತ್ತಾರಲ್ಲವೆ? ಒಳಗುಣವೇ ನೇರವಾಗಿ ಕಿವಿಗೆ ಮುಟ್ಟಿದ ಮೇಲೆ ಹೊರಗುರುತಿನ ಹಂಗೇಕೆ ಎಂದು ಆಕೆ ಕೇಳಿದಂತಾಯಿತು. ಪ್ರತಿವಾದಿಗೆ ಸುಲಭದ ಉತ್ತರವಿಲ್ಲ.

ಇನ್ನೂ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಈ ಕಥೆಯನ್ನು ಹೇಳುತ್ತಿರುವವನು ಯಾರು? ಮಾರಿದತ್ತನ ಬಲಿಪೀಠದ ಮುಂದೆ ನಿಂತ ಅಭಯರುಚಿ. ಎಂದರೆ ಹಲವು ಜನ್ಮಗಳನ್ನು ದಾಟಿಬಂದ ಯಶೋಧರನೇ. ವಂಚಿತನಾದ ಗಂಡನ ಬಾಯಿಂದಲೇ ಹೆಂಡತಿಯ ವಾದ ನಮಗೆ ಕೇಳಿಸುತ್ತಿದೆ, ಮತ್ತು ಇಡೀ ಕಾವ್ಯದ ಅತ್ಯಂತ ಚುರುಕಾದ ಮಾತುಗಳು ಆಕೆಗೇ ಸಂದಿವೆ. ಜನ್ನನು ಆಕೆಗೆ ಕೊನೆಯಲ್ಲಿ ನರಕವನ್ನೇ ವಿಧಿಸಿದ್ದರೂ ಮಾತಿನಲ್ಲಿ ಮೋಸ ಮಾಡಿಲ್ಲ. ಸಂಸ್ಕೃತದ ವಾದಿರಾಜನಲ್ಲಿ, ಅದಕ್ಕೂ ಹಿಂದೆ 959ರಲ್ಲಿ ಮುಗಿದ ಸೋಮದೇವನ ಯಶಸ್ತಿಲಕದಲ್ಲಿ, ಇದೇ ಕಥೆ ಇದ್ದರೂ ಕನ್ನಡಿಗರ ನೆನಪಿನಲ್ಲಿ ಅಮೃತಮತಿಯನ್ನು ಜೀವಂತವಾಗಿಟ್ಟದ್ದು ಈ ಕಂದಪದ್ಯಗಳೇ.

ಮುಂದಿನ ಪ್ರಸಂಗಗಳಲ್ಲಿ ಶಾಸ್ತ್ರ ಇನ್ನೂ ಹಿಂದುಳಿಯುತ್ತದೆ. ತಡವಾಗಿ ಬಂದಳೆಂದು ಮಾವಟಿಗನು ಅರಸಿಯನ್ನು ಹಿಡಿದು ಹೊಡೆಯುತ್ತಾನೆ. ಆಕೆ ಸಿಡುಕುವುದಿಲ್ಲ, ತಡವಾದುದಕ್ಕೆ ಕಾರಣ ಹೇಳಿ, ಅವನೊಬ್ಬನ ಹೊರತು ಉಳಿದ ಗಂಡಸರೆಲ್ಲ ತನಗೆ ಒಡಹುಟ್ಟಿದವರೆಂದು ಬೇಡಿಕೊಳ್ಳುತ್ತಾಳೆ. ಮರೆಯಲ್ಲಿ ನಿಂತ ಯಶೋಧರ ಕತ್ತಿಯನ್ನೆತ್ತಿ ಮತ್ತೆ ತಡೆದುಕೊಳ್ಳುತ್ತಾನೆ. ಅದೇ ಅರಸಿ ಅರಮನೆಯಲ್ಲಿ ಅರಸನು ನೆಯ್ದಿಲ ಹೂವಿನಿಂದ ಮೆಲ್ಲನೆ ಹೊಡೆದರೆ ಮೂರ್ಛೆ ಹೋಗುತ್ತಾಳೆ. ಹೂವಿನ ಏಟಿಗೆ ಬೀಳುವವಳು ಮಾವಟಿಗನ ಏಟನ್ನು ತಾಳಿದಳು! ಕೆಲವರು ಇದರಲ್ಲಿ ಹೆಣ್ಣಿಗೆ ಒರಟು ಗಂಡೇ ಇಷ್ಟವೆಂಬ ಸಿದ್ಧಾಂತವನ್ನು ಹುಡುಕುತ್ತಾರೆ. ಇದು ಅಪಾಯಕಾರಿಯಾದ ಓದು, ತಪ್ಪಾದ ಓದೂ ಹೌದು. ಅರಮನೆಯಲ್ಲಿ ನಟನೆ, ಆನೆಯ ಸಾಲೆಯಲ್ಲಿ ನಿಜ ಎಂಬ ಭೇದವನ್ನು ಕವಿ ಎರಡು ಏಟುಗಳ ಮೂಲಕ ತೋರಿಸಿದ್ದಾನೆ. ಏಟು ಒಲವಿಗೆ ಕಾರಣವಲ್ಲ. ಒಲವಿಗೆ ತೆರುವ ಬೆಲೆ. ಇಂಥ ಬೆಲೆಯನ್ನು ತೆರುತ್ತಿರುವ ತಾಯಂದಿರ ಮಕ್ಕಳು ನಮ್ಮ ತರಗತಿಗಳಲ್ಲಿಯೂ ಇರಬಹುದಾದುದರಿಂದ ಈ ಪದ್ಯಗಳನ್ನು ಪಾಠ ಹೇಳುವಾಗ ನಾಲಿಗೆಯ ಮೇಲೆ ಹಿಡಿತವಿರಬೇಕು.

ಹಾಗಾದರೆ ಶಾಸ್ತ್ರ ಸೋತಿತೆ? ಹಾಗೆ ಹೇಳುವುದೂ ಸರಿಯಲ್ಲ. ಏಕೆ ಎಂಬ ಪ್ರಶ್ನೆ ಒಂದೇ ಅಲ್ಲವೆಂದು ಪ್ರಾಣಿಗಳ ನಡವಳಿಕೆಯನ್ನು ಅಭ್ಯಾಸ ಮಾಡಿದ ನಿಕೊ ಟಿನ್‌ಬರ್ಗನ್ 1963ರಲ್ಲಿ ಸ್ಪಷ್ಟಪಡಿಸಿದ್ದನು. ಹಕ್ಕಿ ಏಕೆ ಹಾಡುತ್ತದೆಯೆಂದರೆ, ಗಂಟಲಿನ ರಚನೆಯಿಂದ ಎಂದೂ ಹೇಳಬಹುದು, ಮರಿಯಾಗಿದ್ದಾಗ ತಂದೆಯಿಂದ ಕಲಿತುದರಿಂದ ಎಂದೂ ಹೇಳಬಹುದು, ಹಾಡಿದರೆ ಸಂತಾನ ಹೆಚ್ಚುತ್ತದೆಯಾದುದರಿಂದ ಎಂದೂ, ಅದರ ಪೂರ್ವಜಾತಿಗಳಿಂದ ಬಂದುದರಿಂದ ಎಂದೂ ಹೇಳಬಹುದು. ನಾಲ್ಕೂ ಸರಿ, ಒಂದು ಇನ್ನೊಂದರ ಬದಲಿಗೆ ನಿಲ್ಲುವುದಿಲ್ಲ. ಹೆಣ್ಣಿಗೆ, ಗಂಡಿಗೆ, ಸ್ವರಕ್ಕೆ ಸೋಲುವ ಕಿವಿ ಏಕೆ ಬಂದಿತು ಎಂಬುದು ವಿಕಾಸದ ಪ್ರಶ್ನೆ. ಈ ಇರುಳು, ಈ ಅರಮನೆಯಲ್ಲಿ, ಈ ಹೆಂಗಸು ಏಕೆ ಸೋತಳು, ಕಂಡ ಮೇಲೆಯೂ ಏಕೆ ಹಿಂದೆ ಸರಿಯಲಿಲ್ಲ ಎಂಬುದು ಬೇರೆ ಪ್ರಶ್ನೆ. ಸಾವಿರಾರು ಜನರ ಸರಾಸರಿಯಿಂದ ಒಬ್ಬಳ ಒಂದು ರಾತ್ರಿಯನ್ನು ಇಳಿಸಿ ತೆಗೆಯಲಾಗದು. ಪಾಲ್ ಈಸ್ಟ್‌ವಿಕ್ ಮತ್ತು ಎಲಿ ಫಿಂಕೆಲ್ 2008ರಲ್ಲಿ ಪ್ರಕಟಿಸಿದ ಪ್ರಯೋಗವೂ ಇದನ್ನೇ ಹೇಳುತ್ತದೆ. ಅವರು ಅವಿವಾಹಿತ ತರುಣ ತರುಣಿಯರನ್ನು ಕೆಲವೇ ನಿಮಿಷಗಳ ಭೇಟಿಗಳಲ್ಲಿ ಒಬ್ಬರಾದ ಮೇಲೊಬ್ಬರನ್ನು ಕೂಡಿಸಿ ನೋಡಿದರು. ತಮಗೆ ಇಂಥ ಗುಣವೇ ಮುಖ್ಯವೆಂದು ಮೊದಲು ಬರೆದುಕೊಟ್ಟವರು ಎದುರಿಗೆ ಬಂದವರನ್ನು ಮೆಚ್ಚುವಾಗ ಆ ಗುಣವನ್ನೇ ಹಿಡಿದುಕೊಂಡು ಮೆಚ್ಚಲಿಲ್ಲ. ಪ್ರಶ್ನಪತ್ರಿಕೆಗೆ ಬರೆದ ಉತ್ತರ ಒಂದು, ಮನಸ್ಸು ನಡೆದ ದಾರಿ ಇನ್ನೊಂದು. ಬಸ್ಸನ ದೊಡ್ಡ ಸಮೀಕ್ಷೆಯೂ ಪ್ರಶ್ನಪತ್ರಿಕೆಯೇ ಎಂಬುದನ್ನು ಮರೆಯಬಾರದು.

ನಮ್ಮ ಕಡೆಯ ಬದುಕಿನಿಂದ ನೋಡಿದರೆ ಈ ಶಾಸ್ತ್ರದ ಮೇಲೆ ಇನ್ನೊಂದು ಆಕ್ಷೇಪಣೆ ಏಳುತ್ತದೆ. ಸಂಗಾತಿಯನ್ನು ಆರಿಸುವವರು ಯಾರು? ತಾವೇ ಆರಿಸುತ್ತಾರೆಂದು ಶಾಸ್ತ್ರ ಬಹುಮಟ್ಟಿಗೆ ಎಣಿಸುತ್ತದೆ. ಗಡಿಯ ಆಚೆ ಈಚೆ ಹಬ್ಬಿದ ನಮ್ಮ ಮನೆತನಗಳಲ್ಲಿ ಆರಿಸುವವರು ತಂದೆ ತಾಯಿ, ಸೋದರಮಾವ, ದೊಡ್ಡಪ್ಪ. ಮಾವನ ಮಗಳೋ ಅತ್ತೆಯ ಮಗನೋ ಇದ್ದರೆ ಆಯ್ಕೆಯ ಮಾತೇ ಏಳದೆ ಹೋದ ಕಾಲವೂ ಇತ್ತು. ಜಾತಕ ಕೂಡಬೇಕು, ಜಾತಿ ಕೂಡಬೇಕು, ನಮ್ಮಂಥವರಿಗೆ ಮನೆಮಾತೂ ಕೂಡಬೇಕು: ಮಗಳನ್ನು ಕನ್ನಡದ ಮನೆಗೇ ಕೊಡಬೇಕೆಂದು ಅಕ್ಕಲಕೋಟೆಯಿಂದ ಅಫಜಲಪುರದವರೆಗೆ, ಮಡಕಶಿರಾದಿಂದ ಪಾವಗಡದವರೆಗೆ ಹುಡುಕುವ ತಂದೆಯರು ಇಂದಿಗೂ ಇದ್ದಾರೆ. ಇದು ನಮ್ಮ ದೇಶದ ವಿಚಿತ್ರವೆಂದು ವಿಕಾಸವಾದಿಗಳು ತಳ್ಳುವಂತಿಲ್ಲ. ರಾಬರ್ಟ್ ವಾಕರ್ ಮತ್ತು ಸಂಗಡಿಗರು 190 ಬೇಟೆಗಾರ ಸಮುದಾಯಗಳ ವೃತ್ತಾಂತಗಳನ್ನು ಕೂಡಿಸಿ 2011ರಲ್ಲಿ ತೋರಿಸಿದಂತೆ, ಹಿರಿಯರು ಮದುವೆಯನ್ನು ಗೊತ್ತುಮಾಡುವ ಪದ್ಧತಿ ಮಾನವಕುಲದಲ್ಲಿ ಬಹು ಹಳೆಯದು. ಹಾಗಿದ್ದರೆ ವಿಕಾಸವು ತಿದ್ದಿದ್ದು ಮದುಮಗಳ ಅಭಿರುಚಿಯನ್ನೋ ಮಾವನ ಅಭಿರುಚಿಯನ್ನೋ? ಈ ಪ್ರಶ್ನೆಯನ್ನು ಶಾಸ್ತ್ರಜ್ಞರಲ್ಲಿ ಕೆಲವರು ಈಗ ತಾವೇ ಕೇಳಿಕೊಳ್ಳತೊಡಗಿದ್ದಾರೆ. ಅದು ಅವರ ಹಿರಿಮೆ.

ಅಮೃತಮತಿಯ ಸಂದರ್ಭಕ್ಕೆ ಇದು ನೇರವಾಗಿ ಸಲ್ಲುತ್ತದೆ. ಆಕೆ ಯಶೋಧರನನ್ನು ತಾನಾಗಿ ಆರಿಸಿಕೊಂಡಳೆಂದು ಜನ್ನನು ಹೇಳುವುದಿಲ್ಲ. ದಮಯಂತಿಗೆ ಸ್ವಯಂವರವಿತ್ತು, ಇವಳಿಗೆ ಇದ್ದುದು ಅಂತಃಪುರ. ಕಾವ್ಯದಲ್ಲಿ ಆಕೆ ತನಗಾಗಿ ಮಾಡಿದ ಆಯ್ಕೆ ಒಂದೇ, ಅದು ಕತ್ತಲಲ್ಲಿ ಕಿವಿಯಿಂದ ಮಾಡಿದ್ದು. ಆ ಆಯ್ಕೆಯನ್ನು ಉಳಿಸಿಕೊಳ್ಳುವುದಕ್ಕಾಗಿ ಆಕೆ ಗಂಡನಿಗೂ ಅತ್ತೆ ಚಂದ್ರಮತಿಗೂ ವಿಷವಿಕ್ಕಿದಳು. ಅದು ಕೊಲೆ, ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ಆದರೆ ಕೊಲೆಯ ಪಾಪವನ್ನು ಹಿಂದಕ್ಕೆ ಎಳೆದು, ಹಾಡಿಗೆ ಕಿವಿಗೊಟ್ಟ ಕ್ಷಣದ ಮೇಲೆ ಹೇರುವುದು ನ್ಯಾಯವಲ್ಲ. ಹಳೆಯ ಓದುಗರು ಮಾಡುತ್ತ ಬಂದುದು ಇದನ್ನೇ. ಗಿರೀಶ ಕಾರ್ನಾಡರು 1980ರ ಹಿಟ್ಟಿನ ಹುಂಜ ನಾಟಕದಲ್ಲಿ ಹಾಡನ್ನೂ ಹಿಂಸೆಯನ್ನೂ ಬೇರೆ ಬೇರೆ ತೂಗಿ ನೋಡಲು ಯತ್ನಿಸಿದುದಕ್ಕೆ ಕಾರಣವೂ ಇದೇ ಅಸಮಾಧಾನವಿರಬೇಕೆಂದು ನಮಗೆ ತೋರುತ್ತದೆ.

ಇದೇ ಜನ್ನನು 1230ರ ಅನಂತನಾಥ ಪುರಾಣದಲ್ಲಿ ಚಂಡಶಾಸನನ ಕಥೆಯನ್ನು ಹೇಳಿದ್ದಾನೆ. ಗೆಳೆಯನಾದ ವಸುಷೇಣನ ಮಡದಿ ಸುನಂದೆಯನ್ನು ಮೋಹಿಸಿ, ಅಪಹರಿಸಿ, ಕೊನೆಗೆ ಆಕೆಯ ಸಾವಿಗೂ ತನ್ನ ಸಾವಿಗೂ ಕಾರಣನಾದವನು ಅವನು. ಚಂಡಶಾಸನನನ್ನು ಓದಿ ಗಂಡಸರ ಜಾತಿಯೇ ಹೀಗೆ ಎಂದವರನ್ನು ನಾವು ಕಂಡಿಲ್ಲ. ಅವನು ಒಬ್ಬ ದುರಂತ ನಾಯಕನೆನಿಸಿಕೊಂಡನು. ಅಮೃತಮತಿಯನ್ನು ಓದಿದವರು ಮಾತ್ರ ಹೆಣ್ಣುಕುಲಕ್ಕೆಲ್ಲ ತೀರ್ಪು ಬರೆದರು. ಕವಿ ಇಬ್ಬರನ್ನೂ ವ್ಯಕ್ತಿಗಳಾಗಿ ಸೃಷ್ಟಿಸಿದ. ಓದುಗರು ಒಬ್ಬನನ್ನು ವ್ಯಕ್ತಿಯಾಗಿ ಉಳಿಸಿಕೊಂಡು ಒಬ್ಬಳನ್ನು ಜಾತಿಯಾಗಿ ಮಾಡಿದರು. ವಿಕಾಸವಾದಿ ಮನಶ್ಶಾಸ್ತ್ರವನ್ನು ಕೈಗೆ ತೆಗೆದುಕೊಳ್ಳುವಾಗ ನಮ್ಮ ಭಯ ಇರುವುದು ಇಲ್ಲಿಯೇ. ಹಳೆಯ ತೀರ್ಪಿಗೆ ಹೊಸ ಮೊಹರು ಬೀಳಬಾರದು. ಕರ್ಮಸಿದ್ಧಾಂತವು ಆಕೆಯ ಒಲವಿಗೆ ಕಾರಣವನ್ನು ಹಿಂದಿನ ಜನ್ಮಗಳಲ್ಲಿ ಇಟ್ಟಿತು, ವಿಕಾಸವಾದವು ಹಿಂದಿನ ಪೀಳಿಗೆಗಳಲ್ಲಿ ಇಡುತ್ತದೆ. ಎರಡರಲ್ಲಿಯೂ ಸತ್ಯದ ಅಂಶವಿರಬಹುದು. ಎರಡನ್ನೂ ಒರಟಾಗಿ ಬಳಸಿದರೆ, ಕಸ್ತೂರಿಯ ಬಣ್ಣವನ್ನು ಕುರಿತು ವಾದಿಸಿದ ಆ ಹೆಂಗಸು ಮಾತ್ರ ನಡುವೆ ಎಲ್ಲಿಯೋ ಕಾಣೆಯಾಗುತ್ತಾಳೆ.

ಉಪಾಧ್ಯಾಯ ಬಂಧುಗಳಿಗೆ ಒಂದು ಸೂಚನೆಯನ್ನು ಮಾಡಿ ನಿಲ್ಲಿಸುತ್ತೇವೆ. ಈ ಕಾವ್ಯದಿಂದ ಆಯ್ದ ಭಾಗವನ್ನು ಮೇಲಿನ ತರಗತಿಗಳಲ್ಲಿ ಹೇಳಬೇಕಾದಾಗ ವಿಷದ ಪ್ರಸಂಗದಿಂದ ಆರಂಭಿಸದಿರುವುದು ಲೇಸು. ಇರುಳಿನ ಹಾಡು, ದೂತಿಯ ವರದಿ, ರಾಣಿಯ ಉತ್ತರ, ಇವು ಮೂರನ್ನು ಒಂದು ದಿನ ಓದಿಸಿ, ದೂತಿಯ ಪಕ್ಷವನ್ನು ಹುಡುಗಿಯರಿಗೂ ರಾಣಿಯ ಪಕ್ಷವನ್ನು ಹುಡುಗರಿಗೂ ಕೊಟ್ಟು ವಾದ ಮಾಡಿಸಬಹುದು. ಜೊಂಡುಹಕ್ಕಿಯ ಸಂಗತಿಯನ್ನು ವಿಜ್ಞಾನದ ಉಪಾಧ್ಯಾಯರು ಬಂದು ಹೇಳಿದರೆ ಇನ್ನೂ ಒಳ್ಳೆಯದು. ಎರಡು ಏಟುಗಳ ಪದ್ಯಗಳನ್ನು ಎರಡನೆಯ ದಿನ ಓದಿಸಬೇಕು, ಅವನ್ನು ಬಿಡಕೂಡದು. ಹಿಟ್ಟಿನ ಕೋಳಿಯೂ ವಿಷವೂ ಮೂರನೆಯ ದಿನಕ್ಕೆ ಇರಲಿ.